ಹಿಂದಿನ ಸೀಟಿನ ನ್ಯಾಯ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳಿದವನು ನಾನು. ವರ್ಷಕ್ಕೊಮ್ಮೆ ಸ್ಪ್ರಿಂಗಿನ ಪಾಠ ಬರುತ್ತಿತ್ತು. ಮೇಜಿನ ಮೇಲೊಂದು ಸ್ಟ್ಯಾಂಡು, ಅದಕ್ಕೆ ತೂಗುಬಿಟ್ಟ ಬೆರಳುದ್ದದ ಸ್ಪ್ರಿಂಗು, ಅದರ ತುದಿಗೆ ನೂರು ಗ್ರಾಮು, ಇನ್ನೂರು ಗ್ರಾಮು ಬಟ್ಟುಗಳು. ಎಷ್ಟು ತೂಕ ಹಾಕಿದರೆ ಎಷ್ಟು ಹಿಗ್ಗುತ್ತದೆ ಎಂಬುದನ್ನು ಮಕ್ಕಳು ಅಳೆದು, ಚೌಕುಳಿ ಕಾಗದದ ಮೇಲೆ ಗೆರೆ ಎಳೆದು ತೋರಿಸಬೇಕು. ಗೆರೆ ನೆಟ್ಟಗೆ ಬಂದರೆ ಹತ್ತಕ್ಕೆ ಹತ್ತು. ಆ ಮೂವತ್ತೊಂದು ವರ್ಷಗಳಲ್ಲಿ ಒಂದು ದಿನವಾದರೂ ಸ್ಪ್ರಿಂಗು ಎಂಬ ವಸ್ತುವಿಗೆ ಹೆದರಬೇಕೆಂದು ನನಗೆ ತೋರಿದ್ದಿಲ್ಲ. ಅದು ತೋರಿದ್ದು ನಿವೃತ್ತನಾಗಿ ಎಷ್ಟೋ ಕಾಲದ ಮೇಲೆ, ನನ್ನದೇ ಮನೆಯ ಅಂಗಳದಲ್ಲಿ, ಒಂದು ಭಾನುವಾರ ಬೆಳಗ್ಗೆ.

ನನ್ನ ಅಕ್ಕನ ಮಗ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾನೆ. ವಾರವೆಲ್ಲ ಪರದೆಯ ಮುಂದೆ ಕುಳಿತು, ಕೈಗೆ ಸಿಗದ ಏನನ್ನೋ ತಿದ್ದುತ್ತಿರುತ್ತಾನೆ. ಅದರಿಂದಲೋ ಏನೋ, ಭಾನುವಾರ ಬಂತೆಂದರೆ ಕೈಗೆ ಎಣ್ಣೆ ಮೆತ್ತಿಕೊಳ್ಳುವ ಚಪಲ. ಅವನಲ್ಲೊಂದು ಸ್ವಿಫ್ಟ್ ಕಾರಿದೆ. ಅವನಿರುವ ಬಹುಮಹಡಿ ಕಟ್ಟಡದ ನೆಲಮಾಳಿಗೆಯಲ್ಲಿ ಕಾರಿನ ರಿಪೇರಿ ಮಾಡಕೂಡದೆಂದು ನಿವಾಸಿಗಳ ಸಂಘದ ಕಟ್ಟಳೆ. ಆದ್ದರಿಂದ ಬನಶಂಕರಿಯ ನಮ್ಮ ಹಳೆಯ ಮನೆಯ ಅಂಗಳ ಅವನಿಗೆ ನೆನಪಾಯಿತು.

“ಮಾವ, ಈ ಭಾನುವಾರ ನಿಮ್ಮ ಅಂಗಳ ಬೇಕು. ಕಾರನ್ನ ಸ್ವಲ್ಪ ತಗ್ಗಿಸಬೇಕು” ಎಂದು ಫೋನು ಮಾಡಿದ.

“ತಗ್ಗಿಸೋದು ಅಂದರೆ?”

“ಮೂವತ್ತೈದು ಮಿಲಿಮೀಟರು ಕೆಳಕ್ಕೆ ಇಳಿಸೋದು. ಬೇರೆ ಸ್ಪ್ರಿಂಗ್ ತರಿಸಿದೀನಿ.”

ಊರಿನವರೆಲ್ಲ ಎತ್ತರದ ಕಾರು ಬೇಕೆಂದು ಹಂಬಲಿಸುವ ಈ ದಿನಗಳಲ್ಲಿ ಇದ್ದ ಎತ್ತರವನ್ನೂ ಕಳೆದುಕೊಳ್ಳಲು ದುಡ್ಡು ಕೊಟ್ಟವನನ್ನು ಕಂಡು ನನಗೆ ನಗು ಬಂತು. ಆದರೆ ಅವನಿಗೆ ಅವನದೇ ಕಾರಣಗಳಿದ್ದವು. ಒಂದು ಅಂದ. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ನಾಲ್ಕು ಬೆರಳಿನಷ್ಟು ಖಾಲಿ ಜಾಗವಿರುತ್ತದಲ್ಲ, ಅವನ ಕಣ್ಣಿಗೆ ಅದು ಗಿಡ್ಡ ಪಂಚೆ ಉಟ್ಟವನ ಕಣಕಾಲಿನಂತೆ ಕಾಣುತ್ತಿತ್ತಂತೆ. ಇನ್ನೊಂದು ಓಟ. ಕಾರಿನ ಗುರುತ್ವಕೇಂದ್ರ ನೆಲದಿಂದ ಸುಮಾರು ಅರ್ಧ ಮೀಟರು ಮೇಲಿರುತ್ತದೆ. ಅದನ್ನು ಮೂವತ್ತೈದು ಮಿಲಿಮೀಟರು ಇಳಿಸಿದರೆ, ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಹೊರಳುವ ಭಾರ ನೂರಕ್ಕೆ ಆರೇಳು ಪಾಲು ಕಡಿಮೆಯಾಗುತ್ತದೆ. ಸ್ಪ್ರಿಂಗು ಗಿಡ್ಡವೂ ಹೌದು, ಮೊದಲಿನದಕ್ಕಿಂತ ಗಡುಸೂ ಹೌದು. ಆದ್ದರಿಂದ ಕಾರು ಓಲಾಡುವುದು ಕಡಿಮೆ. ಚಾಲಕನಿಗೆ ರಸ್ತೆ ಅಂಗೈಯಲ್ಲಿ ಇದ್ದಂತೆ ತೋರುತ್ತದೆ. ವಿಜ್ಞಾನದ ಮೇಷ್ಟರಿಗೆ ಇಷ್ಟು ಹೇಳಿದರೆ ಸಾಕು, ಒಪ್ಪಿಬಿಡುತ್ತಾನೆ ಎಂಬುದು ಹುಡುಗನಿಗೆ ಚೆನ್ನಾಗಿ ಗೊತ್ತಿತ್ತು. ನಾನೂ ಒಪ್ಪಿಬಿಟ್ಟೆ.

ಭಾನುವಾರ ಏಳು ಗಂಟೆಗೆಲ್ಲ ಬಂದ. ಅಂಗಳದಲ್ಲಿ ಗೋಣಿಚೀಲ ಹಾಸಿ ಅದರ ಮೇಲೆ ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸಿದ. ಹೊಸ ಸ್ಪ್ರಿಂಗುಗಳು ನಾಲ್ಕು, ನೀಲಿ ಬಣ್ಣದವು, ದಸರಾ ಬೊಂಬೆಗಳಂತೆ ಸಾಲಾಗಿ ಕುಳಿತವು. ಹಿಂದಿನ ಚಕ್ರಗಳಿಗೆ ಇಟ್ಟಿಗೆ ಒತ್ತಿದ. ಮುಂದಿನ ಚಕ್ರಗಳ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕು ಕೊಟ್ಟು ಎತ್ತಿ, ಕೆಳಗೆ ಉಕ್ಕಿನ ಸ್ಟ್ಯಾಂಡುಗಳನ್ನಿಟ್ಟು, ಕಾರನ್ನು ಅವುಗಳ ಮೇಲೆ ಕೂಡಿಸಿದ. “ಬರೀ ಜಾಕನ್ನ ನಂಬಿ ಯಾವತ್ತೂ ಕೆಳಗೆ ಹೋಗಬಾರದು ಮಾವ” ಎಂದ. ನನಗೆ ಕೊಟ್ಟ ಕೆಲಸ ಟಾರ್ಚು ಹಿಡಿಯುವುದು ಮತ್ತು ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂಬ ಪಟ್ಟಿಯನ್ನು ಗಟ್ಟಿಯಾಗಿ ಓದುವುದು.

ಚಕ್ರ ಬಿಚ್ಚಿದ ಮೇಲೆ ಒಳಗಿನ ಏರ್ಪಾಡು ಕಾಣಿಸಿತು. ಮುಂದಿನ ಚಕ್ರದ ಹತ್ತಿರ ನೆಟ್ಟಗೆ ನಿಂತ ಒಂದು ಕಂಬ, ಅದರ ಸುತ್ತ ಸ್ಪ್ರಿಂಗು, ಒಳಗೆ ಕುಲುಕಾಟವನ್ನು ತಡೆಯುವ ಎಣ್ಣೆಯ ಕೊಳವೆ. ಎರಡನೆಯ ಮಹಾಯುದ್ಧ ಮುಗಿದ ವರ್ಷಗಳಲ್ಲಿ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರು ರೂಪಿಸಿದ ಏರ್ಪಾಡು ಇದು. ಅವನ ಹೆಸರಿನಿಂದಲೇ ಕರೆಯುತ್ತಾರೆ. ಇವತ್ತಿನ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂಭಾಗದಲ್ಲಿ ಇದರ ಮೇಲೆಯೇ ನಿಂತಿವೆ. ಬ್ರೇಕಿನ ನಳಿಕೆಯ ಹಿಡಿಕೆ ಬಿಚ್ಚಿ, ಓಲಾಟ ತಡೆಯುವ ಸರಳಿನ ಕೊಂಡಿ ಕಳಚಿ, ಕೆಳಗಿನ ಎರಡು ದಪ್ಪ ಬೋಲ್ಟುಗಳನ್ನು ತೆಗೆದು, ಬಾನೆಟ್ಟಿನ ಅಡಿಯ ನಟ್ಟುಗಳನ್ನು ಸಡಿಲಿಸಿದಾಗ ಆ ಕಂಬ ಇಡಿಯಾಗಿ ಅವನ ಕೈಗೆ ಬಂತು. ಅಪಾಯ ಅಲ್ಲಿಂದ ಮುಂದೆ. ಕಂಬದ ತಲೆಯ ಮೇಲೊಂದು ನಟ್ಟಿದೆ. ಸ್ಪ್ರಿಂಗನ್ನು ಅದುಮಿ ಹಿಡಿದಿರುವುದು ಅದೊಂದೇ. ಹಾಗೆಯೇ ಬಿಚ್ಚಿದರೆ ಸ್ಪ್ರಿಂಗು ಸಿಡಿಯುತ್ತದೆ. ಅದಕ್ಕೆ ಮೊದಲು ಎರಡು ಕಡೆ ಎದುರುಬದುರಾಗಿ ಕೊಕ್ಕೆ ಇರುವ ಉದ್ದದ ತಿರುಪುಗಳನ್ನು ಹಾಕಿ, ಈ ಕಡೆ ನಾಲ್ಕು ಸುತ್ತು, ಆ ಕಡೆ ನಾಲ್ಕು ಸುತ್ತು ಎಂದು ಸಮನಾಗಿ ಬಿಗಿಯುತ್ತ ಸ್ಪ್ರಿಂಗನ್ನು ಕುಗ್ಗಿಸಬೇಕು.

ಅವನು ಬಿಗಿಯುತ್ತಿದ್ದ, ನಾನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಮೇಷ್ಟರ ಚಾಳಿ. ಒಂದು ಮಿಲಿಮೀಟರು ಕುಗ್ಗಿಸಲು 25 ನ್ಯೂಟನ್ ಬೇಕಾಗುವ ಸ್ಪ್ರಿಂಗು ಎಂದಿಟ್ಟುಕೊಳ್ಳೋಣ. ಹತ್ತು ಸೆಂಟಿಮೀಟರು ಕುಗ್ಗಿಸಿದರೆ 2500 ನ್ಯೂಟನ್, ಅಂದರೆ ಕಾಲು ಟನ್ನಿನ ಭಾರದಷ್ಟು ಬಲ. ಒಳಗೆ ಕೂಡಿಟ್ಟ ಶಕ್ತಿ 125 ಜೂಲ್. ಹನ್ನೆರಡೂವರೆ ಕಿಲೋ ತೂಕದ ರುಬ್ಬುಗುಂಡು ಒಂದು ಮೀಟರು ಮೇಲಿನಿಂದ ಪಾದದ ಮೇಲೆ ಬಿದ್ದರೆ ಎಷ್ಟೋ ಅಷ್ಟು. ಬೀಳುವುದು ಮಾತ್ರ ಪಾದದ ಮೇಲಲ್ಲ, ಮುಖದ ಮೇಲೆ. ಲೆಕ್ಕ ಇಲ್ಲಿಗೆ ಬಂದಿತ್ತು, ಅಷ್ಟರಲ್ಲಿ ‘ಟಣ್’ ಎಂದು ಸದ್ದಾಯಿತು. ಒಂದು ಕೊಕ್ಕೆ ಸ್ಪ್ರಿಂಗಿನ ಸುರುಳಿಯ ಮೇಲೆ ಒಂದು ಬೆರಳಿನಷ್ಟು ಜಾರಿತ್ತು.

ಇಬ್ಬರೂ ಅಲುಗಾಡಲಿಲ್ಲ. ಟಾರ್ಚು ಹಿಡಿದ ನನ್ನ ಕೈ ನಡುಗುತ್ತಿತ್ತು. ಅವನು ಮೆಲ್ಲನೆ, “ಮಾವ, ಹಿಂದಕ್ಕೆ ಹೋಗಿ. ಇದರ ನೇರಕ್ಕೆ ನಿಲ್ಲಬೇಡಿ” ಎಂದ. ತಾನು ಮಾತ್ರ ಹೋಗಲಿಲ್ಲ. ಪಕ್ಕಕ್ಕೆ ಸರಿದು, ತಿರುಪುಗಳನ್ನು ಸುತ್ತು ಸುತ್ತಾಗಿ ಸಡಿಲಿಸಿ, ಸ್ಪ್ರಿಂಗನ್ನು ಮೊದಲಿನ ಸ್ಥಿತಿಗೆ ತಂದು, ಕೊಕ್ಕೆಗಳನ್ನು ಮತ್ತೆ ಎದುರುಬದುರಾಗಿ ಕೂಡಿಸಿ, ಮತ್ತೆ ಮೊದಲಿಂದ ಶುರುಮಾಡಿದ. ಮುಕ್ಕಾಲು ಗಂಟೆಯ ಕೆಲಸ ಹಾಳಾಯಿತೆಂದು ಗೊಣಗಲಿಲ್ಲ.

ಆ ಹೊತ್ತಿನಲ್ಲಿ ನನಗೆ ಅವನ ಮೇಲೆ ಗೌರವ ಹುಟ್ಟಿತೆಂದು ಹೇಳಿದರೆ ಅದು ಉಪಚಾರದ ಮಾತಲ್ಲ. ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಈ ಸ್ಪ್ರಿಂಗಿನ ನಿಯಮವನ್ನು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟು ಮಾಡಿ ಅಚ್ಚು ಹಾಕಿಸಿದ. ಒಗಟನ್ನು ಬಿಡಿಸಿ ಹೇಳಿದ್ದು 1678ರಲ್ಲಿ. ನಾನು ಆ ಕಥೆಯನ್ನು ಎಷ್ಟು ಸಲ ಮಕ್ಕಳಿಗೆ ಹೇಳಿದ್ದೇನೋ. ಆದರೆ ನಾನು ಹೇಳಿಕೊಟ್ಟದ್ದು ಗೆರೆಯನ್ನು. ಗೆರೆಯ ಹಿಂದೆ ಅದುಮಿ ಕುಳಿತಿರುವ ಬಲವನ್ನು ಈ ಹುಡುಗ ಕೈಯಿಂದ ಬಲ್ಲ. ತನ್ನ ಕಾರಿನ ಒಂದೊಂದು ನಟ್ಟನ್ನೂ ತಾನೇ ಬಿಗಿದವನು, ಅದು ಸಡಿಲವಾದರೆ ಏನಾಗುತ್ತದೆಂದು ಬಲ್ಲವನು, ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಿ ಮರೆತುಬಿಡುವವನಿಗಿಂತ ಹೆಚ್ಚಿನ ಹೊಣೆಗಾರ ಎಂದು ನಾನು ಆಗ ನಂಬಿದೆ. ಈಗಲೂ ನಂಬುತ್ತೇನೆ. ಆದರೆ ಆ ನಂಬಿಕೆಯಲ್ಲಿ ಒಂದು ಪಾಲು ಬಾಕಿ ಇತ್ತೆಂಬುದು ಆಮೇಲೆ ತಿಳಿಯಿತು.

ಹಿಂದಿನ ಚಕ್ರಗಳ ಕೆಲಸ ಸುಲಭ. ಅಲ್ಲಿ ಸ್ಪ್ರಿಂಗು ಬೇರೆ, ಎಣ್ಣೆಯ ಕೊಳವೆ ಬೇರೆ; ಅಡ್ಡತೊಲೆಯನ್ನು ತಗ್ಗಿಸಿದರೆ ಸ್ಪ್ರಿಂಗು ಕೈಗೇ ಬರುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಕಾರು ನೆಲಕ್ಕಿಳಿಯಿತು. ರಬ್ಬರು ಬುಷ್ಷುಗಳಿರುವ ಬೋಲ್ಟುಗಳನ್ನು ಕಾರು ತನ್ನ ಭಾರದ ಮೇಲೆ ನಿಂತ ಮೇಲೆಯೇ ಪೂರ್ತಿ ಬಿಗಿಯಬೇಕಂತೆ. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅದನ್ನೂ ಮಾಡಿದ. ಮರುದಿನ ಚಕ್ರಗಳ ಅಲೈನ್‌ಮೆಂಟು ಮಾಡಿಸಿ, ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆಂಬುದನ್ನೂ ಸರಿಪಡಿಸಿಕೊಂಡ. ಯಾವುದರಲ್ಲೂ ಅಡ್ಡದಾರಿ ಹಿಡಿಯಲಿಲ್ಲ. ಕಾರು ನಿಜಕ್ಕೂ ಚೆನ್ನಾಗಿ ಕಂಡಿತು. ನೆಲಕ್ಕೆ ಒತ್ತಿ ಕುಳಿತು ನೆಗೆಯಲು ಕಾದಿರುವ ಬೆಕ್ಕಿನಂತೆ ಇತ್ತು. ಹಳೆಯ ಸ್ಪ್ರಿಂಗುಗಳನ್ನು ಗೋಣಿಚೀಲದಲ್ಲಿ ಸುತ್ತಿ ನಮ್ಮ ಅಟ್ಟದ ಮೇಲಿಟ್ಟ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾನು ಕಾನೂನಿನ ಮಾತು ಎತ್ತಿದ್ದೆ. ಎತ್ತದಿದ್ದರೆ ಆತ್ಮವಂಚನೆಯಾಗುತ್ತಿತ್ತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ್ದಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾಲೀಕ ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದು ಸೇರಿಸಿದರು.

“ಗೊತ್ತು ಮಾವ. ಆದರೆ ಆರ್‌.ಸಿ. ನೋಡಿ, ಹೊಟ್ಟೆಗೂ ನೆಲಕ್ಕೂ ಎಷ್ಟು ಅಂತರ ಅನ್ನೋದಕ್ಕೆ ಅದರಲ್ಲಿ ಕಾಲಮ್ಮೇ ಇಲ್ಲ. ಜರ್ಮನಿಯಲ್ಲಿ ಇದನ್ನ ರಾಜಾರೋಷವಾಗಿ ಮಾಡ್ತಾರೆ” ಎಂದ.

ಜರ್ಮನಿಯ ಮಾತು ನಿಜ. ಆದರೆ ಅಲ್ಲಿ ಇನ್ನೊಂದು ಕ್ರಮವಿದೆ. ಸ್ಪ್ರಿಂಗಿನ ಜೊತೆಗೆ, ಅದು ಯಾವ ಕಾರಿಗೆ ಹೊಂದುತ್ತದೆಂಬ ಪರೀಕ್ಷಾ ಪತ್ರ ಬರುತ್ತದೆ. ಮನೆಯಲ್ಲಿಯೇ ಹಾಕಿಕೊಂಡರೂ, ಟ್ಯೂಫ್ ಮೊದಲಾದ ತಪಾಸಣಾ ಸಂಸ್ಥೆಗಳ ತಜ್ಞನೊಬ್ಬನ ಮುಂದೆ ಕಾರನ್ನು ನಿಲ್ಲಿಸಿ, ಅವನು ನೋಡಿ ಬರೆದುಕೊಟ್ಟ ಮೇಲೆಯೇ ಅದು ಸಕ್ರಮ. ಅಂದರೆ ಅಲ್ಲಿಯ ಸ್ವಾತಂತ್ರ್ಯ ಕದ ಮುಚ್ಚಿದ ಅಂಗಳದ ಸ್ವಾತಂತ್ರ್ಯವಲ್ಲ. ಮೂರನೆಯವನೊಬ್ಬನ ಕಣ್ಣು ಅದರ ಮೇಲಿದೆ. ನಮ್ಮ ಅಂಗಳದಲ್ಲಿದ್ದವರು ಇಬ್ಬರೇ. ಮಾಡುವವನೊಬ್ಬ, ಟಾರ್ಚು ಹಿಡಿಯುವವನೊಬ್ಬ. ನನಗೆ ಇದು ಹೊಳೆಯದೆ ಇರಲಿಲ್ಲ. ಆದರೆ ಅರ್ಧ ಬಿಚ್ಚಿದ ಕಾರು ಅಂಗಳದಲ್ಲಿತ್ತು, ಕೆಲಸದ ಸೊಗಸು ನನ್ನನ್ನೂ ಹಿಡಿದಿತ್ತು. “ಇರಲಿ, ಮಜ್ಜಿಗೆ ಹಾಕಿಕೋ” ಎಂದು ಮಾತು ತೇಲಿಸಿಬಿಟ್ಟೆ. ತಪ್ಪು ನನ್ನದೂ ಎಂದು ಹೇಳುವುದಕ್ಕೆ ಇದನ್ನು ಬರೆದೆ.

ಮೂರು ವಾರ ಕಳೆದ ಮೇಲೆ ಮಾಗಡಿಯಲ್ಲಿ ನೆಂಟರ ಮನೆಯ ಮದುವೆ. ಅಳಿಯ ಕಾರು ತಂದ. ಅವನ ಹೆಂಡತಿ ಮುಂದೆ ಅವನ ಪಕ್ಕದಲ್ಲಿ, ನಾನೂ ಅಕ್ಕನೂ ಹಿಂದೆ. ಅಕ್ಕನಿಗೆ ಎಪ್ಪತ್ತನಾಲ್ಕು. ಸೊಂಟದ ಮೂಳೆ ಸವೆದಿದೆಯೆಂದು ಡಾಕ್ಟರು ಹೇಳಿ ನಾಲ್ಕು ವರ್ಷವಾಯಿತು. ಬೆಂಗಳೂರಿನ ಒಳಗೆ ಅಷ್ಟೇನೂ ತೋರಲಿಲ್ಲ. ಊರು ದಾಟಿದ ಮೇಲೆ ಹಳ್ಳಿಗೆರಡರಂತೆ ಹಂಪ್ಸುಗಳು ಶುರುವಾದವು. ರಸ್ತೆಯ ಉಬ್ಬು ಹತ್ತು ಸೆಂಟಿಮೀಟರು ಎತ್ತರವಿದ್ದು, ಮೂರು ಮೀಟರು ಎಪ್ಪತ್ತು ಸೆಂಟಿಮೀಟರು ಅಗಲಕ್ಕೆ ಇಳಿಜಾರಾಗಿ ಹರಡಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಊರವರು ರಾತ್ರೋರಾತ್ರಿ ಹಾಕಿದ ಉಬ್ಬಿಗೆ ಆ ಸೂಚಿ ಗೊತ್ತಿಲ್ಲ. ಅದು ರಸ್ತೆಗಡ್ಡಲಾಗಿ ಮಲಗಿದ ಮರದ ದಿಮ್ಮಿಯಂತೆ ಇರುತ್ತದೆ.

ಮೊದಲನೆಯ ಉಬ್ಬಿಗೆ ನಾನು ಸೀಟಿನಿಂದ ಎದ್ದು ಕುಳಿತೆ. ಎರಡನೆಯದಕ್ಕೆ ಕಾರಿನ ಹೊಟ್ಟೆ ‘ಗರ್’ ಎಂದು ಉಜ್ಜಿತು. ಮೂರನೆಯದರ ಹೊತ್ತಿಗೆ ಅಕ್ಕನ ಕಡೆ ನೋಡಿದೆ. ಅವಳು ಕಿಟಕಿಯ ಮೇಲಿನ ಹಿಡಿಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು, ಎಡಗೈಯನ್ನು ಸೀಟಿಗೆ ಊರಿ, ಪ್ರತಿ ಉಬ್ಬಿಗೂ ಮೈಯನ್ನು ಒಂದು ಅಂಗುಲ ಮೇಲಕ್ಕೆ ಎತ್ತಿಕೊಳ್ಳುತ್ತಿದ್ದಳು. ಉಬ್ಬು ಅವಳಿಗೆ ಕಾಣುತ್ತಿರಲಿಲ್ಲ. ಮುಂದಿನ ಸೀಟು ಅಡ್ಡ. ಮಗ ಬ್ರೇಕು ಒತ್ತಿದ ಕೂಡಲೇ ಇನ್ನೇನು ಬಂತು ಎಂದು ಊಹಿಸಿ ಮೈ ಎತ್ತುತ್ತಿದ್ದಳು. ಕೆಲವು ಸಲ ಊಹೆ ತಪ್ಪುತ್ತಿತ್ತು. ಆಗ ತುಟಿ ಕಚ್ಚುತ್ತಿದ್ದಳು.

“ಹೇಗಿದೆ ಅಮ್ಮ ಕಾರು?” ಎಂದು ಅಳಿಯ ಮುಂದಿನಿಂದ ಕೇಳಿದ.

“ಚೆನ್ನಾಗಿದೆ ಕಣೋ. ನೀನು ರಸ್ತೆ ನೋಡಿಕೊಂಡು ಓಡಿಸು” ಎಂದಳು.

ನನ್ನ ಮನಸ್ಸಿನಲ್ಲಿ ಮತ್ತೆ ಲೆಕ್ಕ ನಡೆಯಿತು. ಆದರೆ ಈ ಸಲ ಬೇರೆ ಲೆಕ್ಕ. ಮೂವತ್ತೈದು ಮಿಲಿಮೀಟರು ಎತ್ತರ ಹೋಯಿತಲ್ಲ, ಎಲ್ಲಿಗೆ ಹೋಯಿತು? ಚಕ್ರ ಮೇಲೆ ಕೆಳಗೆ ಚಲಿಸುವುದಕ್ಕೆಂದು ಕಾರು ರೂಪಿಸಿದವರು ಬಿಟ್ಟಿದ್ದ ಜಾಗ ಅದು. ಅದು ಖಾಲಿ ಜಾಗವಲ್ಲ, ರಸ್ತೆಯ ಹೊಡೆತವನ್ನು ನುಂಗಿಕೊಳ್ಳಲು ಕಾದಿಟ್ಟ ಜಾಗ. ಸ್ಪ್ರಿಂಗು ನುಂಗದೆ ಬಿಟ್ಟದ್ದನ್ನು ಸೀಟು ನುಂಗಬೇಕು. ಸೀಟು ಬಿಟ್ಟದ್ದನ್ನು ಬೆನ್ನುಮೂಳೆ. ಅದರಲ್ಲೂ ಎಲ್ಲರ ಬೆನ್ನೂ ಸಮವಲ್ಲ. ಚಾಲಕ ಎರಡು ಅಚ್ಚುಗಳ ನಡುವೆ ಕುಳಿತಿರುತ್ತಾನೆ. ಹಿಂದಿನವರು ಹಿಂದಿನ ಅಚ್ಚಿನ ಹತ್ತಿರ. ಚಾಲಕನಿಗೆ ಗುಂಡಿ ಮೊದಲು ಕಣ್ಣಿಗೆ ಬರುತ್ತದೆ, ಆಮೇಲೆ ಬೆನ್ನಿಗೆ. ಹಿಂದಿನವರಿಗೆ ನೇರ ಬೆನ್ನಿಗೇ. ತಿರುವಿನಲ್ಲಿ ಕಾರು ಓಲಾಡದೆ ಹೋಗುವ ಸುಖ ಮುಂದಿನ ಸೀಟಿನದು. ಅದರ ಬೆಲೆಯನ್ನು ತೆರುತ್ತಿದ್ದುದು ಹಿಂದಿನ ಸೀಟು. ಅಂಗಳದಲ್ಲಿ ನಾವಿಬ್ಬರೂ ಅಳೆಯದ ಅಳತೆ ಇರಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಎಂಬುದು ಪಟ್ಟಿಯಲ್ಲಿ ಇರಲಿಲ್ಲ.

ಕಾಲೇಜಿನಲ್ಲಿ ಓದಿದ ಜಾನ್ ಸ್ಟುವರ್ಟ್ ಮಿಲ್ ಮಹಾಶಯನ ನೆನಪಾಯಿತು. ಇನ್ನೊಬ್ಬರಿಗೆ ಹಾನಿಯಾಗದಿರುವಷ್ಟು ದೂರ ಮನುಷ್ಯ ತನ್ನಿಷ್ಟದಂತೆ ನಡೆಯಬಹುದು, ಆ ಎಲ್ಲೆ ದಾಟಿದರೆ ಮಾತ್ರ ಸಮಾಜ ಅವನನ್ನು ತಡೆಯಬಹುದು ಎಂದು 1859ರಲ್ಲಿ ಅವನು ವಾದಿಸಿದ. ಸ್ವಾತಂತ್ರ್ಯದ ಬಗ್ಗೆ ಇಷ್ಟು ಸರಳವೂ ಗಟ್ಟಿಯೂ ಆದ ಮಾತು ಅಪರೂಪ. ಕಾರು ಅವನದು, ದುಡ್ಡು ಅವನದು, ಬೆವರು ಅವನದು; ಹಾನಿ ಯಾರಿಗೆ? ದಾರಿಯಲ್ಲಿ ಹೋಗುವವರಿಗಾದರೆ ಅವರು ಬೈಯುತ್ತಾರೆ, ಪೋಲೀಸರಿಗೆ ಹೇಳುತ್ತಾರೆ. ಪರರಿಗೆ ಬಾಯಿದೆ. ಮಿಲ್ಲನ ಎಲ್ಲೆಗೆ ಕಾವಲು ಇರುವುದೇ ಆ ಬಾಯಿಂದ. ಆದರೆ ನಮ್ಮವರು ಎಂದು ನಾವು ಕರೆಯುವವರು ಪರರಲ್ಲ. ನಮ್ಮ ಸಂತೋಷಕ್ಕೆ ಕಲ್ಲು ಹಾಕಬಾರದೆಂದು ಅವರು ಬಾಯಿ ಕಟ್ಟಿಕೊಳ್ಳುತ್ತಾರೆ. ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ಆ ಮಾತನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಸಲೀಸು. ಅದು ಒಪ್ಪಿಗೆಯಲ್ಲ, ಪ್ರೀತಿ. ಎರಡರ ರೂಪವೂ ಒಂದೇ ಆದ್ದರಿಂದ ನಾವು ಮೋಸಹೋಗುತ್ತೇವೆ, ಅಥವಾ ಮೋಸಹೋಗಲು ಇಷ್ಟಪಡುತ್ತೇವೆ.

ಇದು ಅಳಿಯನನ್ನು ದೂರುವುದಕ್ಕೆ ಹೇಳಿದ ಮಾತಲ್ಲ. ಮಾಗಡಿ ಇನ್ನೂ ಏಳೆಂಟು ಮೈಲಿ ಇರುವಾಗ ನನಗೆ ನನ್ನದೇ ಒಂದು ನೆನಪು ಬಂತು, ಬಂದದ್ದು ಹೋಗಲಿಲ್ಲ. ಬನಶಂಕರಿಯ ಮನೆಯನ್ನು ಕಟ್ಟಿಸಿದಾಗ, ಬೀದಿಯಿಂದ ನೋಡಿದರೆ ಗಂಭೀರವಾಗಿ ಕಾಣಬೇಕೆಂದು ಜಗಲಿಯನ್ನು ಎತ್ತರಿಸಿ ಐದು ಮೆಟ್ಟಿಲು ಇಡಿಸಿದೆ. ಮೇಸ್ತ್ರಿ ಮೂರು ಸಾಕೆಂದ, ನಾನು ಕೇಳಲಿಲ್ಲ. ನಮ್ಮಮ್ಮ ಆ ಮನೆಯಲ್ಲಿ ಏಳು ವರ್ಷವಿದ್ದಳು. ಮಂಡಿನೋವಿನವಳು. ಬೆಳಗ್ಗೆ ತುಳಸಿಗೆ ನೀರು ಹಾಕಲು ಒಂದು ಸಲ, ಸಂಜೆ ದೀಪಕ್ಕೆ ಒಂದು ಸಲ, ನಡುವೆ ತರಕಾರಿಯವಳು ಕೂಗಿದಾಗ ಒಂದು ಸಲ, ಆ ಐದು ಮೆಟ್ಟಿಲು ಇಳಿದು ಹತ್ತುತ್ತಿದ್ದಳು. ಒಂದು ದಿನವೂ ಏನೂ ಹೇಳಲಿಲ್ಲ. ಅವಳು ತೀರಿಕೊಂಡು ಮನೆಗೆ ಸುಣ್ಣ ಬಳಿಸುವಾಗ ಕೆಲಸದವನು ಕರೆದು ತೋರಿಸಿದ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ, ಕೈ ಊರುವ ಎತ್ತರಕ್ಕೆ, ಎಣ್ಣೆಗಟ್ಟಿದ ಒಂದು ಕಪ್ಪು ಕಲೆ. “ಎಷ್ಟು ಉಜ್ಜಿದರೂ ಹೋಗ್ತಿಲ್ಲ ಸಾರ್” ಎಂದ. ನಾನು ಎತ್ತರಿಸಿದೆ, ಅಳಿಯ ತಗ್ಗಿಸಿದ. ನಮ್ಮಿಬ್ಬರಿಗೂ ಬೇಕಾಗಿದ್ದುದು ಹೊರಗಿನಿಂದ ನೋಡಿದರೆ ಕಾಣುವ ಅಂದ.

ಹಾಗಾದರೆ ಮನುಷ್ಯ ತನ್ನ ಸಂತೋಷಕ್ಕೆ ಏನನ್ನೂ ಮಾಡಿಕೊಳ್ಳಬಾರದೆ ಎಂದು ಕೇಳಬಹುದು. ಮನೆಯ ಮುದುಕರ ಸೊಂಟ, ಮಂಡಿಗಳನ್ನು ನೆನೆದು ಹರೆಯದವರು ಕೈಕಟ್ಟಿ ಕೂತರೆ ಯಾವ ಹೊಸ ಕೆಲಸವೂ ನಡೆಯದು. ಮುದುಕರಿಗೂ ಅದು ಬೇಕಾಗಿಲ್ಲ. ಆ ಭಾನುವಾರದ ಕೆಲಸವನ್ನು ನಾನು ಈಗಲೂ ಹೀಗಳೆಯಲಾರೆ. ಕೊಕ್ಕೆ ಜಾರಿದಾಗ ನನ್ನನ್ನು ಹಿಂದಕ್ಕೆ ಕಳಿಸಿ ತಾನು ನಿಂತನಲ್ಲ, ಅಂಥವನಿಗೆ ಪರರ ನೋವಿನ ಪರಿವೆಯಿಲ್ಲ ಎಂದು ಹೇಗೆ ಹೇಳುವುದು? ಪರಿವೆ ಇತ್ತು, ಅವನು ನಿಂತ ಜಾಗದಿಂದ ಅಕ್ಕನ ಕೈ ಕಾಣುತ್ತಿರಲಿಲ್ಲ, ಅಷ್ಟೆ. ಸ್ಟಿಯರಿಂಗು ಹಿಡಿದವನ ಕನ್ನಡಿಯಲ್ಲಿ ಹಿಂದಿನ ವಾಹನ ಕಾಣುತ್ತದೆ, ಹಿಂದಿನ ಸೀಟಿನವರ ಮುಖವೂ ಸ್ವಲ್ಪ ಕಾಣುತ್ತದೆ; ಸೀಟಿಗೆ ಊರಿದ ಕೈ ಕಾಣುವುದಿಲ್ಲ. ಕೆಟ್ಟತನದಿಂದ ಆಗುವ ಅನ್ಯಾಯಕ್ಕಿಂತ ಕೂತ ಜಾಗದಿಂದ ಆಗುವ ಅನ್ಯಾಯ ಹೆಚ್ಚೆಂದು ನನಗೆ ತೋರುತ್ತದೆ. ಅದಕ್ಕೆ ಉಪದೇಶ ಮದ್ದಲ್ಲ. ಜಾಗ ಬದಲಿಸಿ ಕೂರುವುದೇ ಮದ್ದು.

ಹಾಗೆಂದು ಮದುವೆಯ ಊಟ ಮುಗಿದ ಮೇಲೆ ನಾನು ಅಳಿಯನಿಗೆ ಏನೂ ಹೇಳಲಿಲ್ಲ. “ನಿನ್ನ ಕಾರು ಎಷ್ಟು ಚೆನ್ನಾಗಿ ತಿರುಗುತ್ತೆ ಅಂತ ನಾನೂ ನೋಡಬೇಕಪ್ಪ. ವಾಪಸು ಹೋಗುವಾಗ ನಾನು ಓಡಿಸ್ತೀನಿ, ನೀನು ಹಿಂದೆ ಕೂತುಕೋ” ಎಂದೆ. ಹಿಗ್ಗಿನಿಂದ ಬೀಗದಕೈ ಕೊಟ್ಟ. ನಾನು ಓಡಿಸಿದೆ. ಸತ್ಯ ಹೇಳಬೇಕೆಂದರೆ ಕಾರು ಸೊಗಸಾಗಿ ಓಡುತ್ತಿತ್ತು. ತಿರುವುಗಳಲ್ಲಿ ಅದು ರಸ್ತೆಗೆ ಅಂಟಿಕೊಂಡು ಹೋಗುವ ರೀತಿಗೆ ನನ್ನ ವಯಸ್ಸೂ ಮರೆತು, ಎರಡು ಕಡೆ ವೇಗ ಸ್ವಲ್ಪ ಹೆಚ್ಚೇ ಆಯಿತು. ಮುಂದಿನ ಸೀಟು ಮನುಷ್ಯನನ್ನು ಎಷ್ಟು ಬೇಗ ಬದಲಿಸುತ್ತದೆ! ತಾವರೆಕೆರೆಯ ಹತ್ತಿರ ಬರುವ ಹೊತ್ತಿಗೆ ಹಿಂದಿನಿಂದ ಮಾತು ನಿಂತಿತ್ತು. ಕನ್ನಡಿಯಲ್ಲಿ ನೋಡಿದೆ. ಅಳಿಯ ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ, ಪಕ್ಕದ ಸೀಟಿನ ಮೇಲೆ, ತಾಯಿಯ ಕೈ ಇರುವ ಕಡೆ ನೋಡುತ್ತಿದ್ದ.

ಎರಡು ವಾರ ಬಿಟ್ಟು ಭಾನುವಾರ ಬೆಳಗ್ಗೆ ಏಳಕ್ಕೆ ಗೇಟಿನ ಸದ್ದಾಯಿತು. “ಮಾವ, ಅಟ್ಟದ ಮೇಲಿನ ಗೋಣಿಚೀಲ ಕೊಡ್ತೀರಾ?” ಎಂದ. ನಾನು ಯಾಕೆಂದು ಕೇಳಲಿಲ್ಲ. ಟಾರ್ಚು ತಂದೆ, ಪಟ್ಟಿ ಓದಿದೆ. ಈ ಸಲ ಕೊಕ್ಕೆ ಜಾರಲಿಲ್ಲ. ಕೈಗೆ ಕೆಲಸ ಗೊತ್ತಾಗಿತ್ತು. ಅಡಿಯಿಂದ ಮುಡಿಯವರೆಗೆ ತಾನೇ ಬಿಗಿದಿದ್ದರಿಂದ ತಾನೇ ಬಿಚ್ಚುವುದೂ ಅವನಿಗೆ ಸುಲಭವಾಯಿತು. ನನ್ನ ಐದು ಮೆಟ್ಟಿಲಿಗೆ ಆ ಭಾಗ್ಯವಿರಲಿಲ್ಲ. ನಾಲ್ಕು ನೀಲಿ ಸ್ಪ್ರಿಂಗುಗಳು ಗೋಣಿಚೀಲದಲ್ಲಿ ಅಟ್ಟ ಸೇರಿದವು. ಕಾರು ಮತ್ತೆ ಗಿಡ್ಡ ಪಂಚೆ ಉಟ್ಟು ನಿಂತಿತು. ಅಳಿಯ ಅದನ್ನು ಸ್ವಲ್ಪ ಹೊತ್ತು ನೋಡಿ, ಏನೂ ಹೇಳದೆ ಕೈ ತೊಳೆಯಲು ಹೋದ. ಅವನಿಗೆ ಬೇಸರವಾಗಿತ್ತು. ಬೇಸರವಾಗಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ.

ಸಂಜೆ ಅಕ್ಕನನ್ನೂ ಕರೆದುಕೊಂಡು ಬಸವನಗುಡಿಯ ಕಡೆ ಒಂದು ಸುತ್ತು ಹೋಗಿಬಂದೆವು. ಮೊದಲನೆಯ ಹಂಪ್ಸು ದಾಟಿದ ಮೇಲೆ ಅವಳು ಹಿಡಿಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಎರಡನೆಯದು ದಾಟಿದ ಮೇಲೆ ಅವಳಿಗೆ ತಿಳಿಯಿತು.

“ಹಳೇದೇ ಹಾಕಿದೆಯೇನೋ? ನನಗೋಸ್ಕರವಾ? ಅಯ್ಯೋ, ಅಷ್ಟು ದುಡ್ಡು ಕೊಟ್ಟು, ಅಷ್ಟು ಕಷ್ಟಪಟ್ಟು... ನಾನೇನಾದರೂ ಅಂದೆನೇನೋ?”

“ನೀನೇನೂ ಅನ್ನಲಿಲ್ಲಮ್ಮ” ಎಂದ ಅಳಿಯ.

ಮನೆಗೆ ಬಂದು ಐದು ಮೆಟ್ಟಿಲು ಹತ್ತುವಾಗ ಅಕ್ಕ ಗೋಡೆಗೆ ಕೈ ಊರಿದಳು. ಸುಣ್ಣದ ಅಡಿಯಲ್ಲಿ ಅಮ್ಮನ ಕೈಯ ಕಲೆ ಇದ್ದ ಜಾಗವೇ ಅದು. ಮಾರನೆಯ ದಿನ ಬೆಳಗ್ಗೆ ಮೇಸ್ತ್ರಿಗೆ ಹೇಳಿ ಕಳಿಸಿದೆ. ಬಂದು ನೋಡಿ, ಮೆಟ್ಟಿಲನ್ನು ಈಗ ತಗ್ಗಿಸುವುದು ಆಗದ ಮಾತು, ಪಕ್ಕಕ್ಕೆ ಒಂದು ಕಬ್ಬಿಣದ ಕೈಹಿಡಿ ಹಾಕಬಹುದು ಎಂದ. ಹಾಕಿಸಿದ್ದೇನೆ.